ಆರು ಲಕ್ಷದ ಸಾಲ ಎಂಟು ಲಕ್ಷವಾದದ್ದು ಹೇಗೆ?

ಪ್ರಶ್ನೆ: ಮಗಳ ಬಿ.ಇ. ಓದಿಗೆಂದು 2020ರಲ್ಲಿ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ 6 ಲಕ್ಷ ರೂಪಾಯಿ ಶಿಕ್ಷಣ ಸಾಲ ಮಾಡಿದೆವು. ಓದು ಮುಗಿದು ಒಂದು ವರ್ಷದ ತನಕ ಏನೂ ಕಟ್ಟಬೇಕಾಗಿಲ್ಲ ಎಂದರು, ನಾವೂ ಕಟ್ಟಲಿಲ್ಲ. ಈಗ ಕಂತು ಶುರು ಮಾಡಲು ಹೋದರೆ ಬಾಕಿ 8 ಲಕ್ಷ ದಾಟಿದೆ ಎನ್ನುತ್ತಾರೆ. ಒಂದು ರೂಪಾಯಿಯನ್ನೂ ತಡ ಮಾಡದ ನಮಗೆ ಈ ಎರಡು ಲಕ್ಷ ಎಲ್ಲಿಂದ ಬಂತು? ನಾನು ಓದುವಾಗ ವರ್ಷದ ಫೀಸು ನೂರರ ಲೆಕ್ಕದಲ್ಲಿತ್ತು. ಕಾಲೇಜು ಇಷ್ಟು ದುಬಾರಿ ಆಗಿದ್ದಾದರೂ ಯಾಕೆ? ಕಿರಿಯ ಮಗ ಈಗ ದ್ವಿತೀಯ ಪಿಯು. ಅವನಿಗೂ ಸಾಲ ಮಾಡಬಹುದೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಮೊದಲು ಲೆಕ್ಕ ನೋಡಿಬಿಡೋಣ. ಬ್ಯಾಂಕಿನವರು ಮೋಸ ಮಾಡಿದ್ದಾರೆ ಎಂಬ ಅನುಮಾನ ನಿಮ್ಮ ಪತ್ರದ ಉದ್ದಕ್ಕೂ ಇಣುಕುತ್ತಿದೆ. ಮೋಸ ಮಾಡಿಲ್ಲ. ಬಾಯಿಬಿಟ್ಟು ಹೇಳಬೇಕಾದ ಒಂದು ಮಾತನ್ನು ಹೇಳಿಲ್ಲ, ಅಷ್ಟೆ. ಕಟ್ಟಬೇಕಾಗಿಲ್ಲ ಎಂದದ್ದು ಕಂತನ್ನು. ಬಡ್ಡಿ ಮಾತ್ರ ಮೊದಲ ವರ್ಷದ ಫೀಸಿನ ದುಡ್ಡು ಕಾಲೇಜಿನ ಖಾತೆಗೆ ಹೋದ ದಿನದಿಂದಲೇ ಓಡುತ್ತಿತ್ತು.

ಬ್ಯಾಂಕು 6 ಲಕ್ಷವನ್ನು ಒಂದೇ ಗಂಟಾಗಿ ಕೊಟ್ಟಿರುವುದಿಲ್ಲ, ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ಸಲ ಕೊಟ್ಟಿರುತ್ತದೆ. ಬಡ್ಡಿ ಸರಾಸರಿ ಶೇ. 10 ಎಂದಿಟ್ಟುಕೊಳ್ಳಿ. ನಿಮ್ಮ ಸಾಲದ ಬಡ್ಡಿ ರೆಪೊ ದರದ ಜೊತೆ ಏರಿಳಿಯುವಂಥದ್ದು, ಆದ್ದರಿಂದ ಪಾಸ್‌ಬುಕ್‌ನಲ್ಲಿ ಅಂಕಿ ಸ್ವಲ್ಪ ಆಚೀಚೆ ಇರುತ್ತದೆ. ಒಂದೂವರೆ ಲಕ್ಷಕ್ಕೆ ವರ್ಷಕ್ಕೆ 15 ಸಾವಿರ ಬಡ್ಡಿ. ಮೊದಲ ವರ್ಷ ಕೊಟ್ಟ ಹಣಕ್ಕೆ ಓದಿನ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ, ಹೀಗೆ ಐದು ವರ್ಷ ಬಡ್ಡಿ ಬಿತ್ತು: 75 ಸಾವಿರ. ಎರಡನೇ ವರ್ಷದ ಹಣಕ್ಕೆ 60 ಸಾವಿರ, ಮೂರನೆಯದಕ್ಕೆ 45, ಕೊನೆಯದಕ್ಕೆ 30. ಕೂಡಿದರೆ 2 ಲಕ್ಷ 10 ಸಾವಿರ. ಓದುವ ಕಾಲದಲ್ಲಿ ಹಾಕಿರುವುದು ಸರಳ ಬಡ್ಡಿ. ಆದರೆ ಕಂತು ಶುರುವಾದ ದಿನ ಇದಿಷ್ಟೂ ಅಸಲಿಗೆ ಸೇರಿಬಿಡುತ್ತದೆ. ಅಂದಿನಿಂದ ನಿಮ್ಮ ಅಸಲು 6 ಲಕ್ಷ ಅಲ್ಲ, 8 ಲಕ್ಷ 10 ಸಾವಿರ. ಇನ್ನು ಮುಂದೆ ಬಡ್ಡಿಯ ಮೇಲೂ ಬಡ್ಡಿ ಕಟ್ಟುತ್ತೀರಿ.

ಇದನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700 ರೂಪಾಯಿ, ಒಟ್ಟು ಕಟ್ಟುವುದು 12 ಲಕ್ಷ 85 ಸಾವಿರದ ಹತ್ತಿರ. ಹದಿನೈದು ವರ್ಷಕ್ಕೆ ಎಳೆದರೆ ಕಂತು 8,700ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 15 ಲಕ್ಷ 67 ಸಾವಿರ ಆಗುತ್ತದೆ. ಕಂತು ಎರಡು ಸಾವಿರ ಕಡಿಮೆ ಮಾಡಿಕೊಂಡದ್ದಕ್ಕೆ ಸುಮಾರು ಮೂರು ಲಕ್ಷದ ದಂಡ. ಶಾಖೆಯಲ್ಲಿ ಸಾಮಾನ್ಯವಾಗಿ ಹದಿನೈದು ವರ್ಷದ ಲೆಕ್ಕವನ್ನೇ ಮುಂದಿಡುತ್ತಾರೆ, ಏಕೆಂದರೆ ಕಂತಿನ ಅಂಕಿ ಚಿಕ್ಕದಾಗಿ ಕಾಣುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅವಕಾಶ ಇರುವುದೂ ಹದಿನೈದು ವರ್ಷದವರೆಗೆ.

ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಬಂದಿದ್ದರೆ? ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750, ಆಮೇಲೆ 5,000. ಕಷ್ಟವೇ, ಇಲ್ಲ ಎನ್ನಲಾರೆ. ಆದರೆ ಹಾಗೆ ಕಟ್ಟಿದವರ ಸಾಲ 6 ಲಕ್ಷದಲ್ಲೇ ನಿಲ್ಲುತ್ತದೆ. ಹತ್ತು ವರ್ಷದ ಕಂತು 7,900ರ ಸುಮಾರಿಗೆ ಬರುತ್ತದೆ, ಒಟ್ಟಾರೆ ಒಂದು ಲಕ್ಷ 20 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಆ ಅವಧಿಯ ಬಡ್ಡಿಯಲ್ಲಿ ಶೇ. 1ರ ರಿಯಾಯಿತಿ ಕೊಡಬಹುದೆಂದು ಮಾದರಿ ಯೋಜನೆಯೇ ಹೇಳುತ್ತದೆ. ಇದನ್ನು ಎಷ್ಟು ಮ್ಯಾನೇಜರುಗಳು ಮಂಜೂರಾತಿಯ ದಿನ ಎದುರು ಕೂರಿಸಿಕೊಂಡು ವಿವರಿಸುತ್ತಾರೆ? ಮಂಜೂರಾತಿ ಪತ್ರದಲ್ಲಿ ಬರೆದಿರುತ್ತದೆ, ನಿಜ. ಆ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಅಂದು ಮನೆಯವರ ಗಮನವೆಲ್ಲ ಕಾಲೇಜಿಗೆ ಫೀಸು ಕಟ್ಟುವ ಕೊನೆಯ ದಿನಾಂಕದ ಮೇಲಿರುತ್ತದೆ.

ನಿಮ್ಮನ್ನು ತುರ್ತಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ. ಸಾಲ ಮಾಡಿದಾಗ ನಿಮ್ಮ ಮನೆಯ ವಾರ್ಷಿಕ ಆದಾಯ ಎಷ್ಟಿತ್ತು? ಪತ್ರದಲ್ಲಿ ಬರೆದಿಲ್ಲ. ಅದು ನಾಲ್ಕೂವರೆ ಲಕ್ಷದ ಒಳಗಿದ್ದರೆ ಈ 2 ಲಕ್ಷ 10 ಸಾವಿರವನ್ನು ನೀವು ಕೊಡಬೇಕಾಗಿಯೇ ಇರಲಿಲ್ಲ. ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾಡಿದ ಸಾಲದ ಮೇಲೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009-10ರಿಂದ ಇದೆ. ಕೋರ್ಸಿಗೆ ಅಥವಾ ಕಾಲೇಜಿಗೆ ನ್ಯಾಕ್ ಇಲ್ಲವೇ ಎನ್‌ಬಿಎ ಮಾನ್ಯತೆ ಇರಬೇಕು, ಆಸ್ತಿಯ ಅಡಮಾನವಿಲ್ಲದೆ ಮಾಡಿದ ಸಾಲವಾಗಿರಬೇಕು, ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಅನ್ವಯ. ಇದಕ್ಕೆ ನೋಡಲ್ ಬ್ಯಾಂಕು ನಮ್ಮ ಕೆನರಾ ಬ್ಯಾಂಕು. ಆದರೆ ಸಬ್ಸಿಡಿ ತಾನಾಗಿ ನಡೆದು ಬರುವುದಿಲ್ಲ. ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರವನ್ನು ಶಾಖೆಗೆ ಕೊಟ್ಟಿರಬೇಕು, ಶಾಖೆ ಪೋರ್ಟಲ್‌ನಲ್ಲಿ ಕ್ಲೇಮ್ ಹಾಕಿರಬೇಕು. ಒಂದು ಕಡೆ ಎಡವಿದರೂ ಬಡ್ಡಿ ನಿಮ್ಮ ತಲೆಗೇ ಬರುತ್ತದೆ. ಊರೂರಲ್ಲಿ ನಾನು ಕೇಳುವ ಗೋಳು ಇದೇ: ಅರ್ಹತೆ ಇತ್ತು, ಕಾಗದ ಕೊಟ್ಟಿದ್ದೆವು, ಮ್ಯಾನೇಜರ್ ವರ್ಗವಾಗಿ ಹೋದರು, ಹೊಸಬರಿಗೆ ಏನೂ ಗೊತ್ತಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಓದು ದುಬಾರಿಯಾದದ್ದರ ಹಿಂದೆ ಕರ್ನಾಟಕದ್ದೇ ದೊಡ್ಡ ಕತೆಯಿದೆ. ಇಡೀ ದೇಶದ ವೃತ್ತಿಶಿಕ್ಷಣದ ಶುಲ್ಕ ಬಹುಮಟ್ಟಿಗೆ ನಿಂತಿರುವುದು ಕರ್ನಾಟಕ ಸರ್ಕಾರ ಪ್ರತಿವಾದಿಯಾಗಿದ್ದ ಮೊಕದ್ದಮೆಗಳ ತೀರ್ಪುಗಳ ಮೇಲೆ.

ಸರ್ಕಾರ ಕಟ್ಟಿದಷ್ಟು ಕಾಲೇಜು ಸಾಲದೆ ಹೋದಾಗ ಇಲ್ಲಿ ಮಠಗಳು, ಸಮುದಾಯ ಸಂಘಗಳು, ಉದ್ಯಮಿಗಳು ಕಾಲೇಜು ತೆರೆದರು. 1953ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈ ಅವರು ಖಾಸಗಿಯಾಗಿ ವೈದ್ಯಕೀಯ ಕಾಲೇಜನ್ನೇ ಶುರು ಮಾಡಿದ್ದು ಆ ಕಾಲಕ್ಕೆ ಸಾಹಸ. ಎಪ್ಪತ್ತರ ದಶಕದ ಕೊನೆಯಿಂದ ಎಂಜಿನಿಯರಿಂಗ್ ಕಾಲೇಜುಗಳು ಜಿಲ್ಲೆ ಜಿಲ್ಲೆಗೂ ಬಂದವು. ಜೊತೆಗೆ ಸೀಟು ಕೊಡಲು ಫೀಸಿನ ಮೇಲೆ ವಸೂಲು ಮಾಡುವ ಕ್ಯಾಪಿಟೇಶನ್ ಶುಲ್ಕವೂ ಬಂತು. ಅದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1984ರಲ್ಲಿ ತಂದಿತು. ಕಾಯ್ದೆ ಪುಸ್ತಕದಲ್ಲಿ ಇಂದಿಗೂ ಇದೆ.

1989ರ ಸರ್ಕಾರಿ ಆದೇಶವೊಂದನ್ನು ನೋಡಿ. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2 ಸಾವಿರ, ಉಳಿದ ಕರ್ನಾಟಕದವರಿಗೆ 25 ಸಾವಿರದವರೆಗೆ, ಹೊರರಾಜ್ಯದವರಿಗೆ 60 ಸಾವಿರದವರೆಗೆ. ಒಂದೇ ತರಗತಿ, ಒಂದೇ ಮೇಷ್ಟ್ರು, ಮೂರು ದರ. ಉತ್ತರ ಪ್ರದೇಶದಿಂದ ಬಂದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದರು. ಮೋಹಿನಿ ಜೈನ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ವಸೂಲಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು: ಅರ್ಧ ಸೀಟು ಕಡಿಮೆ ಶುಲ್ಕದ ‘ಫ್ರೀ ಸೀಟು’, ಅರ್ಧ ‘ಪೇಮೆಂಟ್ ಸೀಟು’, ಎಲ್ಲವೂ ಮೆರಿಟ್ ಮೇಲೆ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಇಟಿ, 1994ರಲ್ಲಿ ಶುರುವಾದದ್ದು ಆ ತೀರ್ಪಿನ ಬೆನ್ನಿಗೆ. ರೈತರ, ಮೇಷ್ಟ್ರ, ಗುಮಾಸ್ತರ ಮಕ್ಕಳು ರ್‍ಯಾಂಕ್ ಹಿಡಿದು ಒಳ್ಳೆಯ ಕಾಲೇಜಿನ ಗೇಟು ದಾಟಿದ ವರ್ಷಗಳವು. ಇಂದು ಬೆಂಗಳೂರಿನ ಕಂಪನಿಗಳಲ್ಲಿ ನಡುವಯಸ್ಸು ದಾಟುತ್ತಿರುವ ಎಷ್ಟೋ ಜನ ಆ ‘ಫ್ರೀ ಸೀಟಿ’ನವರೇ.

ಅದು ಹೆಚ್ಚು ಕಾಲ ಉಳಿಯಲಿಲ್ಲ. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು. ಅನುದಾನ ಪಡೆಯದ ಕಾಲೇಜು ತನ್ನ ಶುಲ್ಕವನ್ನು ತಾನೇ ನಿಗದಿ ಮಾಡಿಕೊಳ್ಳಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗತೆಯನ್ನೂ ಇಟ್ಟುಕೊಳ್ಳಬಹುದು, ಲಾಭಕೋರತನ ಮಾತ್ರ ಕೂಡದು ಎಂದಿತು. ನ್ಯಾಯಾಲಯದ ವಾದದಲ್ಲಿ ತಿರುಳಿಲ್ಲದೆ ಇರಲಿಲ್ಲ. ‘ಫ್ರೀ ಸೀಟು’ ಸಿಗುತ್ತಿದ್ದುದು ಹೆಚ್ಚಾಗಿ ಪಟ್ಟಣದ ಒಳ್ಳೆಯ ಶಾಲೆಗಳಲ್ಲಿ ಕಲಿತ ಅನುಕೂಲಸ್ಥರ ಮಕ್ಕಳಿಗೆ. ಅವರ ಫೀಸನ್ನು ರ್‍ಯಾಂಕ್ ಬಾರದ ಇನ್ನೊಬ್ಬರ ಮಕ್ಕಳು ಹೊರುವುದು ಯಾವ ನ್ಯಾಯ ಎಂದು ಅದು ಕೇಳಿತು. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ತೀರ್ಪು ಶುಲ್ಕ ಸಮಿತಿಗಳನ್ನು ರಚಿಸಲು ಹೇಳಿತು. ಅದರಲ್ಲೂ ಪ್ರತಿವಾದಿ ಕರ್ನಾಟಕ ಸರ್ಕಾರ. 2006ರಲ್ಲಿ ರಾಜ್ಯ ಸರ್ಕಾರ ಪ್ರವೇಶ ಮತ್ತು ಶುಲ್ಕ ನಿಯಂತ್ರಣಕ್ಕೆಂದೇ ಹೊಸ ಕಾಯ್ದೆ ಮಾಡಿತು, ಮಾಡಿದ ಮೇಲೆ ಜಾರಿಯನ್ನು ವರ್ಷ ವರ್ಷವೂ ಮುಂದೂಡುತ್ತ ಬಂತು. ಕಾಯ್ದೆಯ ಬದಲು ಪ್ರತಿ ಬೇಸಿಗೆಯಲ್ಲಿ ಸರ್ಕಾರವೂ ಕಾಲೇಜುಗಳ ಒಕ್ಕೂಟವೂ ಕೂತು ‘ಒಮ್ಮತದ ಒಪ್ಪಂದ’ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಕಾಲೇಜಿನವರು ಇಷ್ಟು ಏರಿಸಿ ಎನ್ನುತ್ತಾರೆ, ಸರ್ಕಾರ ಅಷ್ಟಾಗದು ಎನ್ನುತ್ತದೆ, ಕೊನೆಗೆ ನಡುವೆ ಎಲ್ಲೋ ಕೈಕುಲುಕುತ್ತಾರೆ. ಫೀಸು ಕಟ್ಟುವವರು ಆ ಕೋಣೆಯಲ್ಲಿ ಇರುವುದಿಲ್ಲ.

ಅದರ ಫಲವನ್ನು ಇಂದಿನ ದರಪಟ್ಟಿಯಲ್ಲಿ ಓದಬಹುದು. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯವಾಗಿ ಶೇ. 45 ಸೀಟು ಸಿಇಟಿಗೆ, ಶೇ. 30 ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಗೆ, ಶೇ. 25 ಆಡಳಿತ ಮಂಡಳಿ ಮತ್ತು ಎನ್‌ಆರ್‌ಐ ಕೋಟಾಗೆ. ಸಿಇಟಿ ಸೀಟಿಗೆ ವರ್ಷಕ್ಕೆ ಸುಮಾರು 80-90 ಸಾವಿರ, ಕಾಮೆಡ್‌ಕೆ ಸೀಟಿಗೆ ಎರಡರಿಂದ ಮೂರು ಲಕ್ಷದ ನಡುವೆ. ಮ್ಯಾನೇಜ್‌ಮೆಂಟ್ ಸೀಟಿನ ದರ ಕಾಲೇಜಿನ ಹೆಸರು ಮತ್ತು ಬ್ರಾಂಚಿನ ಮೇಲೆ. ಸಿವಿಲ್‌ಗೆ ಕೇಳುವವರಿಲ್ಲದ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್‌ಗೆ ರಸೀದಿಯಲ್ಲಿ ಬರೆಯುವ ಮೊತ್ತ ಒಂದು, ಹೊರಗೆ ಮಾತಾಡುವ ಮೊತ್ತ ಇನ್ನೊಂದು. 1989ರ ಮೂರು ದರ ಎಲ್ಲೂ ಹೋಗಿಲ್ಲ, ಸೊನ್ನೆಗಳು ಜಾಸ್ತಿಯಾಗಿವೆ.

ಕಾಲೇಜು ನಡೆಸುವವರ ಪಕ್ಷವನ್ನೂ ಹೇಳಬೇಕು. ಕಾಲೇಜಿನ ಖರ್ಚಿನ ಸಿಂಹಪಾಲು ಸಂಬಳ. ಅರವತ್ತು ಮಕ್ಕಳಿಗೆ ಒಂದು ಗಂಟೆ ಪಾಠ ಮಾಡಲು 1980ರಲ್ಲಿ ಒಬ್ಬ ಮೇಷ್ಟ್ರು ಬೇಕಿತ್ತು, ಇಂದೂ ಒಬ್ಬರು ಬೇಕು. ಕಾರ್ಖಾನೆಯಲ್ಲಿ ಯಂತ್ರ ಬಂದು ಕೆಲಸ ಅಗ್ಗವಾದ ಹಾಗೆ ಪಾಠ ಅಗ್ಗವಾಗಲಿಲ್ಲ. ನಡುವೆ ವೇತನ ಆಯೋಗಗಳು ಬಂದವು, ಮೇಲಿನ ಹುದ್ದೆಗಳಿಗೆ ಪಿಎಚ್‌.ಡಿ. ಆದವರನ್ನೇ ತೆಗೆದುಕೊಳ್ಳಬೇಕೆಂಬ ನಿಯಮಗಳು ಬಂದವು, ಮಾನ್ಯತೆಗಾಗಿ ಕಟ್ಟಡ, ಲ್ಯಾಬ್, ಕಡತ ಎಲ್ಲಕ್ಕೂ ಖರ್ಚು ಬಿತ್ತು. ಇದೆಲ್ಲ ನಿಜ. ಆದರೆ ಇದೇ ಕಾರಣವಾಗಿದ್ದರೆ ಒಂದೇ ಬೆಂಚಿನ ಮೂವರಿಗೆ ಮೂರು ದರ ಇರುತ್ತಿರಲಿಲ್ಲ. ಪಾಠದ ಖರ್ಚು ಮೂವರಿಗೂ ಒಂದೇ. ದರ ನಿಗದಿ ಮಾಡುವುದು ಖರ್ಚಿಗಿಂತ ಹೆಚ್ಚಾಗಿ ಪೋಷಕರ ಆತಂಕ.

ಇಲ್ಲಿಗೆ ಬ್ಯಾಂಕುಗಳ ಪ್ರವೇಶ. ನಿಮ್ಮ ಮಗಳಿಗೆ ಸಿಕ್ಕ ಸಾಲದ ಈಗಿನ ರೂಪ ಶುರುವಾದದ್ದು 2001ರಲ್ಲಿ. ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್.ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ವರದಿಯ ಮೇಲೆ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣ ಸಾಲ ಯೋಜನೆ ರೂಪಿಸಿತು. ರಿಸರ್ವ್ ಬ್ಯಾಂಕ್ ಅದನ್ನು ಆ ವರ್ಷದ ಏಪ್ರಿಲ್‌ನಲ್ಲಿ ಎಲ್ಲ ಬ್ಯಾಂಕುಗಳಿಗೂ ಕಳಿಸಿತು. ನಾಲ್ಕು ಲಕ್ಷದವರೆಗೆ ಜಾಮೀನು ಬೇಡ, ಅಪ್ಪ ಅಮ್ಮ ಸಹ ಸಾಲಗಾರರಾದರೆ ಸಾಕು. ಅದಕ್ಕಿಂತ ಮೊದಲು ಮಗನ ಓದಿಗೆ ಸಾಲ ಬೇಕೆಂದರೆ ಹೊಲದ ಪತ್ರ, ಹೆಂಡತಿಯ ಒಡವೆ, ಇಲ್ಲವೇ ಊರಿನ ಸಾಹುಕಾರ. ಹಾಗೆ ನೋಡಿದರೆ ಇದು ದೊಡ್ಡ ಉಪಕಾರ, ನಾನು ಅಲ್ಲಗಳೆಯುವುದಿಲ್ಲ.

ದಿನಾಂಕಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. 2001ರ ಏಪ್ರಿಲ್‌ನಲ್ಲಿ ಸಾಲ ಸಿಗುವಂತಾಯಿತು, 2002ರ ಅಕ್ಟೋಬರ್‌ನಲ್ಲಿ ಕಾಲೇಜುಗಳಿಗೆ ಶುಲ್ಕದ ಸ್ವಾತಂತ್ರ್ಯ ಸಿಕ್ಕಿತು. ನಡುವೆ ಒಂದೂವರೆ ವರ್ಷ. ಮೊದಲು ಸರ್ಕಾರದ ಅನುದಾನ, ಆಮೇಲೆ ಪೇಮೆಂಟ್ ಸೀಟಿನವರು ಹೊರುತ್ತಿದ್ದ ಹೊರೆ ಮೆಲ್ಲಗೆ ಇಪ್ಪತ್ತೆರಡು ವರ್ಷದ ಮಕ್ಕಳ ಹೆಗಲಿಗೆ ಬಂದು ಕೂತಿತು. ಸರ್ಕಾರ ‘ಓದಲು ಹಣವಿಲ್ಲವೇ, ಸಾಲ ಇದೆಯಲ್ಲ’ ಎನ್ನಲು ಕಲಿಯಿತು. ಇದನ್ನು ಯಾರೋ ಕೂತು ಹೂಡಿದ ಸಂಚು ಎಂದು ನಾನು ಹೇಳುತ್ತಿಲ್ಲ. ಎರಡು ಬೇರೆ ಬೇರೆ ಕೋಣೆಗಳಲ್ಲಿ ಆದ ಎರಡು ತೀರ್ಮಾನಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡವು. ಒಂದು ಸ್ವಾರಸ್ಯ: ಮಣಿಪಾಲದ ಕಾಲೇಜು ಕಟ್ಟಿದ ಟಿ.ಎಂ.ಎ. ಪೈ ಅವರೇ 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕನ್ನೂ ಕಟ್ಟಿದವರಲ್ಲಿ ಒಬ್ಬರು. ದಿನಕ್ಕೆ ಎರಡಾಣೆ ಪಿಗ್ಮಿ ಕೂಡಿಸಿ ಬೆಳೆದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಸಾಲ ಸುಲಭವಾದರೆ ಕಾಲೇಜುಗಳು ಫೀಸು ಏರಿಸುತ್ತವೆ ಎಂಬ ವಾದ ಅಮೆರಿಕದ್ದು. ರೇಗನ್ ಸರ್ಕಾರದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ 1987ರಲ್ಲಿ ಪತ್ರಿಕೆಯೊಂದರಲ್ಲಿ ಹಾಗೆ ಬರೆದರು, ಅರ್ಥಶಾಸ್ತ್ರಜ್ಞರು ಇಂದಿಗೂ ಅದರ ಮೇಲೆ ಕಾದಾಡುತ್ತಿದ್ದಾರೆ. ಅಲ್ಲಿ ವಿದ್ಯಾರ್ಥಿ ಸಾಲದ ಒಟ್ಟು ಮೊತ್ತ 1.7 ಲಕ್ಷ ಕೋಟಿ ಡಾಲರ್ ದಾಟಿದೆ. ಬೈಡನ್ ಸರ್ಕಾರ ಒಂದಿಷ್ಟು ಮನ್ನಾ ಮಾಡಲು ಹೊರಟಾಗ 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆಯಿತು. ನಮ್ಮ ಸಿಇಟಿ ಸೀಟಿಗೆ ಬೆನೆಟ್ ವಾದ ಹೊಂದುವುದಿಲ್ಲ, ಆ ದರ ಸರ್ಕಾರದ ಒಪ್ಪಂದದಲ್ಲಿ ಆಗುತ್ತದೆ. ಮ್ಯಾನೇಜ್‌ಮೆಂಟ್ ಸೀಟಿಗೆ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಸಾಲ ಕೊಡಲು ಬ್ಯಾಂಕೇತರ ಹಣಕಾಸು ಕಂಪನಿಗಳು ಕಾಲೇಜಿನ ಪ್ರವೇಶ ಕಚೇರಿಯ ಪಕ್ಕದಲ್ಲೇ ಮೇಜು ಹಾಕಿ ಕೂತಿರುತ್ತವೆ. ಅವುಗಳ ಬಡ್ಡಿ ಬ್ಯಾಂಕಿಗಿಂತ ಸಾಮಾನ್ಯವಾಗಿ ಹೆಚ್ಚು.

ಸಾಲದ ಬಿಸಿ ಮೊದಲು ಜೋರಾಗಿ ತಟ್ಟಿದ್ದು ಎಂಜಿನಿಯರುಗಳಿಗಿಂತ ನರ್ಸುಗಳಿಗೆ. ಕೇರಳದ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಊರಿನ ಬ್ಯಾಂಕಿನಿಂದ ಸಾಲ ತಂದು ಸೇರಿದರು. ಕೋರ್ಸ್ ಮುಗಿಸಿದವರಿಗೆ ಖಾಸಗಿ ಆಸ್ಪತ್ರೆಗಳು ಕೊಟ್ಟ ಸಂಬಳದಲ್ಲಿ ಹಾಸ್ಟೆಲ್ ಬಾಡಿಗೆ ಕಳೆದರೆ ಕಂತಿಗೆ ಉಳಿಯುತ್ತಿರಲಿಲ್ಲ. ನರ್ಸುಗಳ ವೇತನದ ಬಗ್ಗೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರಕ್ಕೆ ಕಡಿಮೆ ಇರಬಾರದು ಎಂದು ಹೇಳಬೇಕಾಗಿ ಬಂತೆಂದರೆ ಅದುವರೆಗೆ ಸಿಗುತ್ತಿದ್ದುದು ಎಷ್ಟೆಂದು ನೀವೇ ಊಹಿಸಿ. ವಿದೇಶದ ಕೆಲಸ ಸಿಕ್ಕವರು ತೀರಿಸಿದರು, ಸಿಗದವರ ಮನೆಗೆ ನೋಟಿಸು ಹೋಯಿತು. 2017ರಲ್ಲಿ ಕೇರಳ ಸರ್ಕಾರ ಶಿಕ್ಷಣ ಸಾಲ ತೀರಿಸಲು ನೆರವಾಗುವ 900 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದ್ದರ ಹಿನ್ನೆಲೆಯಲ್ಲಿ ಇಂಥ ಮನೆಗಳಿದ್ದವು. ಅವರ ಫೀಸೇನೂ ಕೋಟಿಗಟ್ಟಲೆ ಇರಲಿಲ್ಲ. ಸಾಲಕ್ಕೂ ಮೊದಲ ಸಂಬಳಕ್ಕೂ ತಾಳೆಯಾಗಲಿಲ್ಲ, ಕಷ್ಟ ಅಲ್ಲಿತ್ತು.

ಈಗ ಅದೇ ತಾಳೆಯನ್ನು ಎಂಜಿನಿಯರಿಂಗ್‌ಗೆ ಹಾಕಿ ನೋಡೋಣ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಸಂಬಳ ಹದಿನೈದು ವರ್ಷದ ಹಿಂದೆ ಮೂರು, ಮೂರೂಕಾಲು ಲಕ್ಷ ಇತ್ತು. ಇಂದೂ ಮೂರೂವರೆಯ ಆಸುಪಾಸಿನಲ್ಲೇ ಇದೆ. ಕೈಗೆ ಬರುವುದು ತಿಂಗಳಿಗೆ 25 ಸಾವಿರದ ಹತ್ತಿರ. ಬೆಂಗಳೂರಿನ ಪಿ.ಜಿ.ಯಲ್ಲಿ ಇಬ್ಬರಿಗೊಂದು ಕೋಣೆ, ಊಟ ಸೇರಿ ಒಂಬತ್ತು ಹತ್ತು ಸಾವಿರ. ಓಡಾಟ, ಫೋನು, ಮಧ್ಯಾಹ್ನದ ಊಟ ಎಂದು ಇನ್ನೊಂದು ನಾಲ್ಕೈದು ಸಾವಿರ. ಉಳಿದ ಹತ್ತು ಸಾವಿರದಲ್ಲಿ 10,700ರ ಕಂತು ಕಟ್ಟಬೇಕು. ಆರು ಲಕ್ಷದ ಸಾಲಕ್ಕೇ ಇದು ಗತಿ. ಕಾಲೇಜಿನ ಫ್ಲೆಕ್ಸಿನಲ್ಲಿ ‘ಅತ್ಯುನ್ನತ ಪ್ಯಾಕೇಜ್ 40 ಲಕ್ಷ’ ಎಂದು ನಗುವ ಮುಖವಿರುತ್ತದೆ. ಆ ಮುಖ ಒಬ್ಬರದು. ನೀವು ಕೇಳಬೇಕಾದದ್ದು ಆ ಬ್ರಾಂಚಿನ ನಟ್ಟನಡುವಿನ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು, ಎಷ್ಟು ಜನಕ್ಕೆ ಏನೂ ಸಿಗಲಿಲ್ಲ ಎಂಬುದನ್ನು.

ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಕ ಸಂಸ್ಥೆ ಎಐಸಿಟಿಇ 2024-25ರಿಂದ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ತೆಗೆದುಹಾಕಿದೆ. ಬೆಂಗಳೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗಗಳು ಉಬ್ಬುತ್ತಿವೆ, ಜಿಲ್ಲಾ ಕೇಂದ್ರಗಳ ಕಾಲೇಜುಗಳು ಖಾಲಿಯಾಗುತ್ತಿವೆ. ಒಂದೇ ಬ್ರಾಂಚಿನಿಂದ ಒಂದೇ ವರ್ಷ ಇಷ್ಟು ಜನ ಹೊರಬಂದರೆ ಆರಂಭದ ಸಂಬಳ ಏಕೆ ಏರೀತು?

ಮಗಳ ವಿಷಯಕ್ಕೆ ಮರಳುತ್ತೇನೆ. ಸಬ್ಸಿಡಿ ಸಿಗಲಿ ಬಿಡಲಿ, ಕಂತನ್ನು ಹತ್ತು ವರ್ಷಕ್ಕೆ ಹಿಡಿಯಲು ಆಗದಿದ್ದರೆ ಹದಿನೈದಕ್ಕೇ ಒಪ್ಪಿಕೊಳ್ಳಿ, ಆದರೆ ಸಂಬಳ ಏರಿದಾಗ, ಬೋನಸ್ ಬಂದಾಗ ಅಸಲಿಗೆ ಹೆಚ್ಚುವರಿ ಕಟ್ಟಿ. ದರ ಏರಿಳಿಯುವ ಸಾಲಕ್ಕೆ ಅವಧಿಗೆ ಮುನ್ನ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ಬಗ್ಗೆ ಯಾರಾದರೂ ದೊಡ್ಡದಾಗಿ ಹೇಳಿದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಕಟ್ಟಿದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ ನಿಜ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಮೂರೂವರೆ ಲಕ್ಷ ಸಂಬಳದ ಹುಡುಗಿಗೆ ತೆರಿಗೆಯೇ ಇಲ್ಲ, ವಿನಾಯಿತಿ ತೆಗೆದುಕೊಂಡು ಏನು ಮಾಡುತ್ತಾಳೆ? ಸಾಲ ತೀರಿಸುವುದು ತಪ್ಪಿದರೆ ಮಾತ್ರ ಅವಳ ಸಿಬಿಲ್ ಅಂಕದ ಜೊತೆ ಸಹ ಸಾಲಗಾರರಾದ ನಿಮ್ಮದೂ ಕೆಡುತ್ತದೆ. ಕೆಲಸ ಹೋದರೆ ಬಚ್ಚಿಟ್ಟುಕೊಳ್ಳದೆ ಆ ತಿಂಗಳೇ ಶಾಖೆಗೆ ಹೋಗಿ ಅವಧಿ ವಿಸ್ತರಣೆ ಕೇಳಲಿ.

ಕಿರಿಯವನಿಗೆ ಸಾಲ ಮಾಡಬಹುದೇ ಎಂದಿದ್ದೀರಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಸಿಇಟಿ ಸೀಟಿನಲ್ಲೋ ಸೇರುವುದಾದರೆ ಧಾರಾಳವಾಗಿ ಮಾಡಿ. ಅದಕ್ಕೂ ಮೊದಲು ಸಾಲವಲ್ಲದ ಬಾಗಿಲುಗಳನ್ನು ತಟ್ಟಿ ನೋಡಿ. ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕದ ರಿಯಾಯಿತಿ ಇರುವ ಶೇ. 5 ಹೆಚ್ಚುವರಿ (ಎಸ್‌ಎನ್‌ಕ್ಯೂ) ಸೀಟುಗಳಿವೆ. ಸಿಇಟಿ ಅರ್ಜಿ ತುಂಬುವಾಗಲೇ ಅದಕ್ಕೆ ಒಪ್ಪಿಗೆ ಕೊಡಬೇಕು, ಎಷ್ಟೋ ಜನ ಆ ಚೌಕವನ್ನು ಖಾಲಿ ಬಿಟ್ಟು ಆಮೇಲೆ ಪರಿತಪಿಸುತ್ತಾರೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳಲ್ಲಿ ‘ಅರಿವು’ ಸಾಲ ಬ್ಯಾಂಕಿಗಿಂತ ತೀರ ಕಡಿಮೆ ಬಡ್ಡಿಗೆ ಸಿಗುತ್ತದೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನವನ್ನು ಮರೆಯಬೇಡಿ. ಇವೆಲ್ಲ ಕಳೆದು ಉಳಿದದ್ದಕ್ಕೆ ಬ್ಯಾಂಕು. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆರಂಭಕ್ಕೆ 860 ಆಯ್ದ ಸಂಸ್ಥೆಗಳಿದ್ದವು. ಮಗನಿಗೆ ಅಂಥದ್ದರಲ್ಲಿ ಸೀಟು ಸಿಕ್ಕಿ ಆದಾಯ ಎಂಟು ಲಕ್ಷದ ಒಳಗಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ. 3 ಬಡ್ಡಿ ಸಹಾಯ ಇದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಈ ಸಹಾಯ ಇಲ್ಲ.

ಎಷ್ಟು ಸಾಲ ಮಾಡಬಹುದು ಎಂಬುದಕ್ಕೆ ನಾನು ಹೇಳುವ ಅಳತೆ ಇಷ್ಟು: ಆ ಕಾಲೇಜಿನ ಆ ಬ್ರಾಂಚಿನ ಮಧ್ಯಮ ವಿದ್ಯಾರ್ಥಿಯ ಮೊದಲ ವರ್ಷದ ಸಂಬಳ ಎಷ್ಟೋ, ಕಂತು ಶುರುವಾಗುವ ದಿನದ ಒಟ್ಟು ಬಾಕಿ ಅದರ ಒಂದೂವರೆ ಪಟ್ಟು ದಾಟಬಾರದು. ನಿಮ್ಮ ಮಗಳ ಸಂಬಳವೂ ಮೂರೂವರೆ ಲಕ್ಷದ ಆಸುಪಾಸಿನಲ್ಲಿದ್ದರೆ ಬಾಕಿ ಈಗಾಗಲೇ ಅದರ ಎರಡು ಪಟ್ಟಿಗಿಂತ ಹೆಚ್ಚಿದೆ, ಅದಕ್ಕೇ ಕಂತು ಭಾರವಾಗುವುದು. ಒಂದೇ ಮನೆಯಲ್ಲಿ ಎರಡು ಸಾಲ ನಡೆಯಬೇಕಾದರೆ ಮಗನ ಸಾಲದ ಬಡ್ಡಿಯನ್ನು ಮೊದಲ ತಿಂಗಳಿಂದಲೇ ಕಟ್ಟಿಕೊಂಡು ಹೋಗಿ. ಮ್ಯಾನೇಜ್‌ಮೆಂಟ್ ಸೀಟಿಗಾಗಿ ಹೊಲ, ಮನೆ ಅಡ ಇಡಬೇಡಿ. ರ್‍ಯಾಂಕ್ ಬಾರದಿದ್ದರೆ ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ ಎಂ.ಸಿ.ಎ.ಗೆ ಹೋಗುವ ದಾರಿಯೂ ಇದೆ. ನೆಂಟರ ಮುಂದೆ ಹೇಳಿಕೊಳ್ಳಲು ಸ್ವಲ್ಪ ಸಪ್ಪೆ ಅನ್ನಿಸಬಹುದು, ಕಂತಿನ ಕಾಟ ಇರುವುದಿಲ್ಲ.

ಈ ವಾರವೇ ಒಂದು ಕೆಲಸ ಮಾಡಿ. ಮಗಳ ಮಂಜೂರಾತಿ ಪತ್ರ, 2020ರ ಆದಾಯ ಪ್ರಮಾಣಪತ್ರ, ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಹಿಡಿದು ಶಾಖೆಗೆ ಹೋಗಿ, ಬಡ್ಡಿ ಸಬ್ಸಿಡಿಗೆ ಯಾವ ಯಾವ ವರ್ಷ ಕ್ಲೇಮ್ ಹಾಕಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.